ಪಂಡಿತಾ ರಮಾಬಾಯಿಯವರೂ ತ್ರಿಯೇಕತ್ವದ ಪ್ರಶ್ನೆಯೂ

ಪಂಡಿತಾ ರಮಾಬಾಯಿಯವರ ಹೆಸರನ್ನು ಕೇಳದೆ ನಮ್ಮ ಶಾಲೆಯನ್ನು ಬಿಟ್ಟುಹೋದ ವಿದ್ಯಾರ್ಥಿನಿಯು ಒಬ್ಬಳೂ ಇರಲಾರಳು. ಬಾಲವಿಧವೆಯರಿಗೆ ವಿದ್ಯೆಯ ಬಾಗಿಲನ್ನು ತೆರೆದ ವಿದುಷಿಯೆಂದೂ, ಕ್ಷಾಮದಲ್ಲಿ ದಿಕ್ಕಿಲ್ಲದೆ ಅಲೆಯುತ್ತಿದ್ದ ಬಾಲೆಯರನ್ನು ಕರೆತಂದು ಸಾಕಿದ ಮಾತೆಯೆಂದೂ, ಕೇಡಗಾಂವಿನ ಮುಕ್ತಿಸದನದ ಸ್ಥಾಪಕಿಯೆಂದೂ ಅವರ ಚರಿತ್ರೆಯನ್ನು ನಾವು ವರ್ಷವರ್ಷವೂ ಹೇಳುತ್ತ ಬಂದಿದ್ದೇವೆ. ಆದರೆ ಆ ಚರಿತ್ರೆಯ ನಡುವೆ ನಾವು ಬೇಗನೆ ದಾಟಿಬಿಡುವ ಒಂದು ಭಾಗವುಂಟು. ಅವರು ಇಂಗ್ಲೆಂಡಿನಲ್ಲಿ ಕಳೆದ ಮೂರು ವರ್ಷಗಳಲ್ಲಿ, ದೀಕ್ಷಾಸ್ನಾನವನ್ನು ಹೊಂದಿದ ಮೇಲೆ, ಕ್ರೈಸ್ತಧರ್ಮದ ಕೇಂದ್ರಸ್ಥಾನದಲ್ಲಿರುವ ತ್ರಿಯೇಕತ್ವದ ಬೋಧನೆಯನ್ನು ಒಪ್ಪಲಾರದೆ ತಮ್ಮ ಹಿತೈಷಿಗಳೊಡನೆ ದೀರ್ಘವಾದ ಪತ್ರವಾದವನ್ನು ನಡೆಯಿಸಿದರು. ಈ ಸಂಚಿಕೆಯಲ್ಲಿ ಆ ಭಾಗವನ್ನೇ ಸ್ವಲ್ಪ ವಿಸ್ತಾರವಾಗಿ ಬರೆಯಬೇಕೆಂದು ನಮಗೆ ತೋರಿತು.

ಹೀಗೆ ತೋರಲು ಕಾರಣವಿದೆ. ತಂದೆ, ಮಗ, ಪವಿತ್ರಾತ್ಮ ಎಂಬ ಮೂವರು ಒಬ್ಬನೇ ದೇವರಾಗಿರುವುದು ಹೇಗೆಂದು ಕೇಳದ ತರಗತಿಯನ್ನು ನಾವು ಇದುವರೆಗೆ ಕಂಡಿಲ್ಲ. ಕ್ರೈಸ್ತರ ಮಕ್ಕಳೂ ಕೇಳುತ್ತಾರೆ, ಇತರರ ಮಕ್ಕಳೂ ಕೇಳುತ್ತಾರೆ. ಮನೆಗೆ ಹೋಗಿ ತಂದೆತಾಯಿಗಳನ್ನು ಕೇಳಿ, ಅವರು ನಮ್ಮಲ್ಲಿಗೆ ಬಂದು ವಿಚಾರಿಸಿದ್ದೂ ಉಂಟು. ಗಂಟೆ ಬಾರಿಸುವ ಹೊತ್ತಾಗಿದ್ದಾಗ ಕೇಳಿದವಳನ್ನು ಕುಳ್ಳಿರಿಸಿ ನಾವು ಪಾಠವನ್ನು ಮುಂದಕ್ಕೆ ಸಾಗಿಸಿದ್ದೂ ಉಂಟು. ಅದನ್ನು ಮರೆಮಾಡುವುದಿಲ್ಲ.

ರಮಾಬಾಯಿಯವರು ನಮ್ಮ ನಾಡಿನಲ್ಲಿಯೇ ಹುಟ್ಟಿದವರು. ಪಶ್ಚಿಮಘಟ್ಟಗಳಲ್ಲಿ ತುಂಗಾ, ಭದ್ರಾ, ನೇತ್ರಾವತಿ ಎಂಬ ನದಿಗಳ ಉಗಮವೆಂದು ಪ್ರಸಿದ್ಧವಾದ ಗಂಗಾಮೂಲದ ಕಾಡಿನಲ್ಲಿ ೧೮೫೮ನೆಯ ಇಸವಿ ಏಪ್ರಿಲ್ ೨೩ರಂದು ಅವರ ಜನನವಾಯಿತು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳದವರು. ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು. ಸ್ತ್ರೀಯರಿಗೆ ಸಂಸ್ಕೃತವನ್ನು ಕಲಿಸಬಾರದೆಂಬುದು ಅಂದಿನ ರೂಢಿ. ಅವರು ಆ ರೂಢಿಯನ್ನು ಮೀರಿ ತಮ್ಮ ಎಳೆಯ ಹೆಂಡತಿ ಲಕ್ಷ್ಮೀಬಾಯಿಗೆ ಪಾಠವನ್ನು ಆರಂಭಿಸಿದರು. ಬಂಧುಗಳು ಸಿಟ್ಟಾದರು, ಊರವರು ದೂರು ಕೊಟ್ಟರು, ಕೊನೆಗೆ ಅವರು ಮಾಧ್ವಮತದ ಪೀಠಸ್ಥಾನವಾದ ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು ಸಮಾಧಾನ ಹೇಳಬೇಕಾಯಿತು. ಶಾಸ್ತ್ರಗಳಿಂದಲೇ ಪ್ರಮಾಣಗಳನ್ನು ಎತ್ತಿ ತೋರಿಸಿ ತಮ್ಮ ನಡತೆಯು ಅಧರ್ಮವಲ್ಲವೆಂದು ಅವರು ವಾದಿಸಿದರು. ಆ ಸಭೆಯು ಅವರ ವಾದವನ್ನು ಕೇಳಿತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇವೆ. ಪ್ರಮಾಣವನ್ನು ಕೇಳುವುದೂ, ಪ್ರಮಾಣವನ್ನು ಕೊಡುವುದೂ ಆ ಮನೆಯ ಉಸಿರಾಗಿದ್ದಿತು. ಮಗಳು ಮುಂದೆ ಇಂಗ್ಲೆಂಡಿನಲ್ಲಿ ಮಾಡಿದುದೂ ಅದನ್ನೇ.

ತಾಯಿಯೇ ಮಗಳಿಗೆ ಗುರು. ಕುಟುಂಬವು ಪುರಾಣವನ್ನು ಹೇಳುತ್ತ ಕ್ಷೇತ್ರದಿಂದ ಕ್ಷೇತ್ರಕ್ಕೆ ಕಾಲ್ನಡೆಯಾಗಿ ಸಂಚರಿಸುತ್ತಿರಲು, ಬಾಲೆ ರಮೆಯು ಮರದ ನೆರಳಿನಲ್ಲಿ, ಛತ್ರದ ಜಗಲಿಯಲ್ಲಿ, ನದಿಯ ಸೋಪಾನದಲ್ಲಿ ಶ್ಲೋಕಗಳನ್ನು ಬಾಯಿಪಾಠ ಮಾಡಿದಳು. ಸಂಚಾರದಿಂದಲೇ ಮರಾಠಿ, ಕನ್ನಡ, ಹಿಂದೂಸ್ಥಾನಿ ಭಾಷೆಗಳ ಪರಿಚಯವಾಯಿತು. ಆಮೇಲೆ ೧೮೭೪ರಿಂದ ೧೮೭೭ರವರೆಗಿನ ದುರ್ಭಿಕ್ಷದ ದಿನಗಳು ಬಂದವು. ಇದ್ದ ಹಣವೆಲ್ಲ ದೇವತಾರಾಧನೆಗೂ ದಾನಧರ್ಮಗಳಿಗೂ ಮುಗಿದುಹೋಗಿದ್ದಿತು. ತಂದೆ, ತಾಯಿ, ಅಕ್ಕ ಮೂವರೂ ಮೃತರಾದರು. ಉಳಿದವರು ರಮಾಬಾಯಿಯವರೂ ಅಣ್ಣ ಶ್ರೀನಿವಾಸಶಾಸ್ತ್ರಿಗಳೂ ಮಾತ್ರ. ಇಬ್ಬರೂ ಭರತಖಂಡದ ಉದ್ದಗಲಕ್ಕೂ ನಡೆದರು. ವಿಧಿಯಲ್ಲಿ ಒಂದನ್ನೂ ಬಿಡದೆ ಆಚರಿಸಿದ ತಂದೆತಾಯಿಗಳು ಹಸಿವಿನಿಂದ ಸತ್ತುದನ್ನು ಕಂಡ ಆ ಮಕ್ಕಳಿಗೆ ಹಳೆಯ ನಂಬಿಕೆಯು ಮೆಲ್ಲನೆ ಸಡಿಲವಾಯಿತು.

೧೮೭೮ರಲ್ಲಿ ಅವರು ಕಲ್ಕತ್ತೆಗೆ ಬಂದರು. ಇಪ್ಪತ್ತು ವರ್ಷದ ಕನ್ಯೆಯ ಸಂಸ್ಕೃತ ಪಾಂಡಿತ್ಯವನ್ನು ಪರೀಕ್ಷಿಸಿ ಅಲ್ಲಿನ ವಿದ್ವಾಂಸರು ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದುಗಳನ್ನು ಕೊಟ್ಟರು. ಬ್ರಹ್ಮಸಮಾಜದ ನಾಯಕ ಕೇಶವಚಂದ್ರ ಸೇನರು ವೇದದ ಒಂದು ಪ್ರತಿಯನ್ನು ಅವರ ಕೈಗಿತ್ತು ಓದಬೇಕೆಂದು ಹೇಳಿದರು. ೧೮೮೦ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರ್ಷ ರಮಾಬಾಯಿಯವರು ಬೇರೆ ಜಾತಿಯವರೂ ಬ್ರಹ್ಮಸಮಾಜದವರೂ ಆದ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ಸಿವಿಲ್ ಕಾನೂನಿನ ಪ್ರಕಾರ ವಿವಾಹವಾಗಿ ಸಿಲ್ಚಾರಿಗೆ ಹೋದರು. ಗಂಡನ ಪುಸ್ತಕಗಳ ನಡುವೆ ಬಂಗಾಳಿಯಲ್ಲಿ ಲೂಕನ ಸುವಾರ್ತೆಯೊಂದು ಅವರ ಕೈಗೆ ಸಿಕ್ಕಿತು. ೧೮೮೧ರಲ್ಲಿ ಮಗಳು ಮನೋರಮೆ ಹುಟ್ಟಿದಳು. ೧೮೮೨ರ ಫೆಬ್ರುವರಿಯಲ್ಲಿ ಗಂಡನು ವಾಂತಿಭೇದಿಯಿಂದ ಮೃತನಾದನು. ಇಪ್ಪತ್ತಮೂರು ವರ್ಷದ ವಿಧವೆಯು ಎಳೆಗೂಸನ್ನು ಎತ್ತಿಕೊಂಡು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು, ಸ್ತ್ರೀಶಿಕ್ಷಣದ ವಿಷಯದಲ್ಲಿ ಹಂಟರ್ ಆಯೋಗದ ಮುಂದೆ ಸಾಕ್ಷ್ಯ ನುಡಿದರು, ಸ್ತ್ರೀಧರ್ಮನೀತಿ ಎಂಬ ಮರಾಠಿ ಪುಸ್ತಕವನ್ನು ಬರೆದು ಅದರ ಮಾರಾಟದ ಹಣದಿಂದ ಸಮುದ್ರಯಾನಕ್ಕೆ ಸಿದ್ಧರಾದರು. ವೈದ್ಯಶಾಸ್ತ್ರವನ್ನು ಕಲಿಯಬೇಕೆಂಬುದು ಅವರ ಉದ್ದೇಶವಾಗಿದ್ದಿತು. ಕಿವಿಯು ಮಂದವಾಗುತ್ತ ಬಂದುದರಿಂದ ಅದು ಕೈಗೂಡಲಿಲ್ಲ.

ಪುಣೆಯಲ್ಲಿ ಅವರಿಗೆ ಆಂಗ್ಲ ಸಭೆಗೆ ಸೇರಿದ ವಾಂಟೇಜಿನ ಸನ್ಯಾಸಿನಿಯರ ಪರಿಚಯವಾಗಿದ್ದಿತು. ೧೮೮೩ರಲ್ಲಿ ಇಂಗ್ಲೆಂಡನ್ನು ಸೇರಿ, ವಾಂಟೇಜಿನಲ್ಲಿರುವ ಅವರ ಮಠದಲ್ಲಿಯೇ ಇಳಿದುಕೊಂಡರು. ಅಲ್ಲಿ ಎರಡು ಸಂಗತಿಗಳು ಅವರ ಮನಸ್ಸನ್ನು ತಿರುಗಿಸಿದವು. ಕಾಶಿಯಲ್ಲಿ ಬೆಳೆದು ೧೮೪೮ರಲ್ಲಿ ಕ್ರೈಸ್ತರಾಗಿದ್ದ ಮಹಾಪಂಡಿತ ನೆಹೆಮ್ಯ ಗೋರೆಯವರು ಹಿಂದೂಸ್ಥಾನದಿಂದ ಬರೆದ ಪತ್ರಗಳು ಒಂದು. ಲಂಡನ್ನಿನ ಫುಲಮ್ ಎಂಬಲ್ಲಿ, ದಾರಿತಪ್ಪಿದ ಸ್ತ್ರೀಯರನ್ನು ಸನ್ಯಾಸಿನಿಯರು ತುಚ್ಛೀಕರಿಸದೆ ಪ್ರೀತಿಯಿಂದ ಉಪಚರಿಸುತ್ತಿದ್ದ ಆಶ್ರಮವು ಇನ್ನೊಂದು. ಇಂಥವರ ಮೇಲೆ ಇಷ್ಟು ಕರುಣೆಯೇಕೆ ಎಂದು ವಿಚಾರಿಸಿದಾಗ ಯೇಸುವು ಸಮಾರ್ಯದ ಸ್ತ್ರೀಯೊಡನೆ ಮಾತನಾಡಿದ ಯೋಹಾನನ ಸುವಾರ್ತೆಯ ಕಥೆಯನ್ನು ಅವರಿಗೆ ಓದಿಹೇಳಿದರು. ಆ ವರ್ಷದ ಸೆಪ್ಟೆಂಬರ್ ೨೯ರಂದು ತಾಯಿಯೂ ಮಗಳೂ ದೀಕ್ಷಾಸ್ನಾನ ಹೊಂದಿದರು. ಸಿಸ್ಟರ್ ಜೆರಾಲ್ಡೀನ್ ಎಂಬವರು ಧರ್ಮಮಾತೆಯಾಗಿ ನಿಂತರು.

ಇಲ್ಲಿ ನಮ್ಮ ಕಥೆಯನ್ನು ಸ್ವಲ್ಪ ನಿಲ್ಲಿಸಿ, ವಿವಾದಕ್ಕೆ ಕಾರಣವಾದ ಬೋಧನೆ ಯಾವುದೆಂಬುದನ್ನು ಹೇಳಬೇಕು. ಕ್ರೈಸ್ತರಲ್ಲದ ತಂದೆತಾಯಿಗಳು ಕ್ರೈಸ್ತರು ಮೂವರು ದೇವರುಗಳನ್ನು ಪೂಜಿಸುವರೆಂದು ಎಣಿಸುವುದುಂಟು. ಹಾಗಲ್ಲ. ದೇವರು ಒಬ್ಬನೇ, ಆ ಒಂದೇ ದೈವಸತ್ವದಲ್ಲಿ ತಂದೆ, ಮಗ, ಪವಿತ್ರಾತ್ಮ ಎಂಬ ಮೂರು ವ್ಯಕ್ತಿಗಳಿದ್ದಾರೆ, ತಂದೆಯು ಮಗನಲ್ಲ, ಮಗನು ಆತ್ಮನಲ್ಲ, ಆದರೂ ಮೂವರೂ ಸಮಾನರು, ನಿತ್ಯರು, ಒಬ್ಬನೇ ದೇವರು ಎಂಬುದು ಬಹುಪಾಲು ಸಭೆಗಳ ವಿಶ್ವಾಸ. ತ್ರಿಯೇಕತ್ವವೆಂಬ ಶಬ್ದವು ಸತ್ಯವೇದದಲ್ಲಿಲ್ಲ. ಆ ಶಬ್ದದ ಅರ್ಥವು ಸತ್ಯವೇದದಲ್ಲಿ ಇದೆಯೆಂದು ಒಂದು ಪಕ್ಷ. ಇಲ್ಲವೆಂದು ಇನ್ನೊಂದು ಪಕ್ಷ.

ಈ ಭೇದವು ಹೊಸದಲ್ಲ. ಮಗನು ಎಲ್ಲಕ್ಕೂ ಮೊದಲು ಸೃಷ್ಟಿಯಾದವನು, ಆದರೂ ಸೃಷ್ಟಿಯಾದವನೇ ಎಂದು ಅಲೆಕ್ಸಾಂಡ್ರಿಯದ ಬೋಧಕ ಆರಿಯಸನು ಕಲಿಸಿದನು. ಕ್ರಿ. ಶ. ೩೨೫ರಲ್ಲಿ ನಿಸೀಯ ಪಟ್ಟಣದಲ್ಲಿ ನೆರೆದ ಬಿಷಪ್ಪರ ಸಭೆಯು ಅದನ್ನು ತಳ್ಳಿ, ಮಗನು ತಂದೆಯೊಡನೆ ಏಕಸತ್ವನೆಂದು ನಿರ್ಣಯಿಸಿತು. ಆ ನಿರ್ಣಯಕ್ಕಾಗಿ ಜೀವಮಾನವೆಲ್ಲ ಹೋರಾಡಿದ ಅಥನಾಸಿಯಸನು ಹಲವು ಸಲ ದೇಶಭ್ರಷ್ಟನಾದನು. ೩೮೧ರಲ್ಲಿ ಕಾನ್‌ಸ್ಟಾಂಟಿನೋಪಲಿನ ಸಭೆಯು ಪವಿತ್ರಾತ್ಮನ ವಿಷಯವನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಆತ್ಮನು ತಂದೆಯಿಂದ ಮಾತ್ರ ಹೊರಡುವನೋ, ತಂದೆಯಿಂದಲೂ ಮಗನಿಂದಲೂ ಹೊರಡುವನೋ ಎಂಬ ಒಂದು ಶಬ್ದದ ವ್ಯತ್ಯಾಸವು ಪೂರ್ವ ಪಶ್ಚಿಮ ಸಭೆಗಳು ೧೦೫೪ರಲ್ಲಿ ಅಗಲುವುದಕ್ಕೆ ಕಾರಣಗಳಲ್ಲಿ ಒಂದಾಯಿತು. ತ್ರಿಯೇಕತ್ವವನ್ನು ಅಲ್ಲಗಳೆದ ಸರ್ವೆಟಸ್ ಎಂಬ ವೈದ್ಯನನ್ನು ೧೫೫೩ರಲ್ಲಿ ಜಿನೀವದಲ್ಲಿ, ರೋಮಿನವರಲ್ಲ, ಸುಧಾರಣೆಯವರೇ ಜೀವಂತವಾಗಿ ಸುಟ್ಟರು. ಇದನ್ನು ಬರೆಯುವಾಗ ನಮ್ಮ ಕೈ ನಡುಗುತ್ತದೆ; ಆದರೆ ಬಿಡುವಂತಿಲ್ಲ. ಇಂಗ್ಲೆಂಡಿನಲ್ಲಿಯೂ ತ್ರಿಯೇಕತ್ವವನ್ನು ನಿರಾಕರಿಸುವವರ ಮೇಲಿದ್ದ ಶಿಕ್ಷೆಯ ಕಾನೂನು ೧೮೧೩ರಲ್ಲಿ ಮಾತ್ರ ರದ್ದಾಯಿತು. ಆ ಬಳಿಕ ಏಕತ್ವವಾದಿಗಳೆಂಬ ಯೂನಿಟೇರಿಯನ್ನರು ಅಲ್ಲಿಯೂ ಅಮೆರಿಕದ ಬಾಸ್ಟನ್ ನಗರದಲ್ಲಿಯೂ ಬಹಿರಂಗವಾಗಿ ಆರಾಧನೆ ನಡೆಯಿಸಿದರು.

ಹೋಲಿಕೆಗಳಿಂದ ಇದನ್ನು ಸುಲಭಮಾಡಬಹುದೆಂದು ನಾವೂ ಒಂದು ಕಾಲದಲ್ಲಿ ಎಣಿಸಿದ್ದೆವು. ನೀರು, ಮಂಜುಗಡ್ಡೆ, ಆವಿ ಮೂರೂ ಒಂದೇ ವಸ್ತುವಲ್ಲವೇ ಎಂದು ತರಗತಿಯಲ್ಲಿ ಹೇಳಿ, ಪ್ರಶ್ನೆಯನ್ನು ಗೆದ್ದೆವೆಂದು ಸಂತೋಷಪಟ್ಟದ್ದುಂಟು. ಅದು ಮೂರನೆಯ ಶತಮಾನದ ಸಬೆಲ್ಲಿಯಸನ ಮತವೆಂದೂ, ಒಬ್ಬನೇ ಬೇರೆ ಬೇರೆ ಸಮಯದಲ್ಲಿ ಬೇರೆ ಬೇರೆ ವೇಷ ಧರಿಸುವನೆಂಬ ಆ ಮತವನ್ನು ಸಭೆಯು ಎಂದೋ ತಳ್ಳಿತೆಂದೂ ಆಮೇಲೆ ತಿಳಿಯಿತು. ಗಂಗಾಮೂಲದಿಂದ ಮೂರು ಹೊಳೆಗಳು ಹುಟ್ಟುವಂತೆ ಎಂದರೆ ಮೂರು ಬೇರೆ ನದಿಗಳಾಗಿ, ಮೂವರು ದೇವರುಗಳಾದಂತಾಯಿತು. ಸುಲಭವಾದ ಹೋಲಿಕೆಯು ಒಂದು ಕಡೆಗೋ ಇನ್ನೊಂದು ಕಡೆಗೋ ಜಾರುತ್ತದೆ. ಹೋಲಿಕೆಗಳಿಂದ ತೃಪ್ತಿಪಡಲು ರಮಾಬಾಯಿಯವರು ಹತ್ತು ವರ್ಷದ ಬಾಲೆಯೂ ಆಗಿರಲಿಲ್ಲ.

ಅವರು ಈ ಪ್ರಶ್ನೆಗೆ ಹೊಸಬರೂ ಆಗಿರಲಿಲ್ಲ. ಬಂಗಾಳದಲ್ಲಿ ರಾಜಾ ರಾಮಮೋಹನ ರಾಯರು ೧೮೨೦ರಲ್ಲಿ ಯೇಸುವಿನ ಉಪದೇಶಗಳನ್ನು ಆರಿಸಿ ಪ್ರಕಟಿಸಿ, ಅವನ ನೀತಿಯನ್ನು ಸ್ವೀಕರಿಸಿ ದೇವತ್ವವನ್ನು ಬಿಟ್ಟಾಗ, ಸೆರಾಂಪುರದ ಮಾರ್ಷ್‌ಮನ್ನರು ಅವರೊಡನೆ ಘೋರವಾದ ವಾದವನ್ನು ಹೂಡಿದ್ದರು. ಆ ಕಾಲದಲ್ಲಿ ರಾಯರೊಡನೆ ಚರ್ಚಿಸುತ್ತಿದ್ದ ವಿಲಿಯಂ ಆಡಮ್ ಎಂಬ ಬ್ಯಾಪ್ಟಿಸ್ಟ್ ಮಿಷನರಿಯು ೧೮೨೧ರಲ್ಲಿ ತಾನೇ ಏಕತ್ವವಾದಿಯಾದನು. ಕೇಶವಚಂದ್ರ ಸೇನರಾದರೋ ೧೮೮೨ರಲ್ಲಿ ತ್ರಿಯೇಕತ್ವದ ಮೇಲೆಯೇ ಒಂದು ಉಪನ್ಯಾಸವನ್ನು ಮಾಡಿ, ಅದನ್ನು ನಮ್ಮ ಸತ್, ಚಿತ್, ಆನಂದಗಳ ಮೂಲಕ ಅರ್ಥಮಾಡಲು ಯತ್ನಿಸಿದರು. ಬ್ರಹ್ಮಸಮಾಜದ ಮನೆಗೆ ಸೊಸೆಯಾಗಿ ಹೋಗಿದ್ದ ರಮಾಬಾಯಿಯವರು, ಬಹುದೇವತಾರಾಧನೆಯನ್ನು ಬಿಟ್ಟು ಒಬ್ಬನೇ ದೇವರನ್ನು ನಂಬಬೇಕೆಂದು ಬಹಳ ಕಷ್ಟದಿಂದ ನಿಶ್ಚಯಿಸಿದ್ದರು. ಆ ಒಬ್ಬನೇ ಎಂಬ ಮಾತನ್ನು ಯಾರೂ ಸಡಿಲಿಸುವುದನ್ನು ಅವರು ಸಹಿಸಲಾರದವರಾಗಿದ್ದರು.

೧೮೮೪ರಲ್ಲಿ ಅವರು ವಾಂಟೇಜಿನಿಂದ ಚೆಲ್ಟನ್‌ಹ್ಯಾಮಿನ ಸ್ತ್ರೀವಿದ್ಯಾಲಯಕ್ಕೆ ಹೋದರು. ಇಂಗ್ಲಿಷು ಮೊದಲಾದ ವಿಷಯಗಳನ್ನು ಕಲಿಯುತ್ತ, ಸಂಸ್ಕೃತವನ್ನು ಕಲಿಸುತ್ತ ಎರಡು ವರ್ಷಗಳಷ್ಟು ಕಾಲ ಅಲ್ಲಿದ್ದರು. ಆ ವಿದ್ಯಾಲಯದ ಮುಖ್ಯೋಪಾಧ್ಯಾಯಿನಿ ಡೊರೊತಿಯಾ ಬೀಲ್ ಅವರು ಸ್ತ್ರೀಶಿಕ್ಷಣದ ಚರಿತ್ರೆಯಲ್ಲಿ ಪ್ರಖ್ಯಾತರು. ರಮಾಬಾಯಿಯವರು ಹುಟ್ಟಿದ ೧೮೫೮ರಲ್ಲಿಯೇ ಅವರು ಆ ಪದವಿಗೆ ಬಂದಿದ್ದರು. ಒಂದು ಕಡೆ ವಾಂಟೇಜಿನಲ್ಲಿ ಧರ್ಮಮಾತೆ, ಇನ್ನೊಂದು ಕಡೆ ಚೆಲ್ಟನ್‌ಹ್ಯಾಮಿನಲ್ಲಿ ಗುರುಮಾತೆ. ನಡುವೆ ಅಂಚೆಯ ಮೂಲಕ ಪತ್ರಗಳ ಓಡಾಟ.

ಮೊದಲನೆಯ ಜಗಳ ಸಣ್ಣ ವಿಷಯಗಳಿಂದ ಆರಂಭವಾಯಿತು. ರಮಾಬಾಯಿಯವರು ಮಾಂಸವನ್ನಾಗಲಿ ಮೊಟ್ಟೆಯನ್ನಾಗಲಿ ಮುಟ್ಟುತ್ತಿರಲಿಲ್ಲ. ಮೊಟ್ಟೆ ಸೇರಿದ ಸಿಹಿತಿಂಡಿಯನ್ನೂ ಬಿಡುತ್ತಿದ್ದರು. ಇದು ಹಳೆಯ ಜಾತಿಯ ಅಭಿಮಾನದ ಶೇಷವೆಂದು ಸಿಸ್ಟರ್ ಜೆರಾಲ್ಡೀನರಿಗೆ ಕಂಡಿತು. ಲ್ಯಾಟಿನ್ ಅಕ್ಷರಗಳನ್ನು ಕೆತ್ತಿದ ಒಂದು ಶಿಲುಬೆಯ ವಿಷಯದಲ್ಲಿ, ತಮ್ಮ ದೇಶದ ಸ್ತ್ರೀಯರಿಗೆ ಲ್ಯಾಟಿನ್ ತಿಳಿಯದು, ಸಂಸ್ಕೃತಕ್ಕಿಂತ ಲ್ಯಾಟಿನ್ ಯಾವುದರಲ್ಲಿ ಪವಿತ್ರ ಎಂಬ ಅಭಿಪ್ರಾಯವನ್ನು ರಮಾಬಾಯಿಯವರು ಸೂಚಿಸಿದರು. ಗಂಡು ವಿದ್ಯಾರ್ಥಿಗಳಿಗೆ ಹಿಂದೂಸ್ಥಾನದ ಭಾಷೆಯ ಪಾಠ ಹೇಳಬಹುದೇ ಎಂಬ ಪ್ರಶ್ನೆ ಬಂದಾಗ ಲಾಹೋರಿನ ಮತ್ತು ಮುಂಬಯಿಯ ಬಿಷಪ್ಪರು ಕೂಡದೆಂದರು. ಕಲ್ಕತ್ತೆಯ ಪಂಡಿತರ ಮುಂದೆ ನಿಂತು ಮಾತನಾಡಿದ್ದವರಿಗೆ ಇದು ಎಷ್ಟು ಖಾರವಾಯಿತೆಂಬುದನ್ನು ಊಹಿಸಬಹುದು.

ಇವುಗಳ ಕೆಳಗಿದ್ದ ದೊಡ್ಡ ಪ್ರಶ್ನೆಯು ೧೮೮೫ರಲ್ಲಿ ಮೇಲಕ್ಕೆ ಬಂದಿತು. ಆಂಗ್ಲ ಸಭೆಯ ಪ್ರಾರ್ಥನಾಪುಸ್ತಕದಲ್ಲಿ ಅಥನಾಸಿಯಸನ ಹೆಸರಿನ ಒಂದು ವಿಶ್ವಾಸಪ್ರಮಾಣವುಂಟು. ಅದು ಅಥನಾಸಿಯಸನ ಕೃತಿಯಲ್ಲ. ಅವನ ತರುವಾಯ ಲ್ಯಾಟಿನಿನಲ್ಲಿ ಹುಟ್ಟಿದ್ದು. ವರ್ಷಕ್ಕೆ ೧೩ ಹಬ್ಬಗಳಲ್ಲಿ ಅದನ್ನು ಹೇಳಬೇಕೆಂದು ಆ ಪುಸ್ತಕದ ಕಟ್ಟಳೆ. ತ್ರಿಯೇಕತ್ವವನ್ನು ಅದು ಸಾಲುಸಾಲಾಗಿ, ತಕ್ಕಡಿಯಲ್ಲಿ ತೂಗಿದಂತೆ ವಿವರಿಸಿ, ಇದನ್ನು ಸಂಪೂರ್ಣವಾಗಿ ನಂಬದವನು ನಿತ್ಯನಾಶಕ್ಕೆ ಗುರಿಯಾಗುವನೆಂದು ಆದಿಯಲ್ಲಿಯೂ ಅಂತ್ಯದಲ್ಲಿಯೂ ಎಚ್ಚರಿಸುತ್ತದೆ. ೧೮೭೦ರ ದಶಕದ ಆರಂಭದಲ್ಲಿ ಆಂಗ್ಲ ಸಭೆಯೊಳಗಿನವರೇ ಇದನ್ನು ಸಾರ್ವಜನಿಕ ಆರಾಧನೆಯಿಂದ ತೆಗೆಯಬೇಕೋ ಬೇಡವೋ ಎಂದು ಬಹಳ ವಾಗ್ವಾದ ಮಾಡಿದ್ದರು. ರಮಾಬಾಯಿಯವರು ಅದನ್ನು ಒಪ್ಪಲಾರೆನೆಂದು ಸ್ಪಷ್ಟವಾಗಿ ತಿಳಿಸಿದರು. ದೀಕ್ಷಾಸ್ನಾನದ ವಿಧಿಯಲ್ಲಿ ಕೇಳುವುದು ಅದಕ್ಕಿಂತ ಹಳೆಯದೂ ಚಿಕ್ಕದೂ ಆದ ಅಪೊಸ್ತಲರ ವಿಶ್ವಾಸಪ್ರಮಾಣವನ್ನು. ಅದಕ್ಕೆ ಅವರು ಒಪ್ಪಿಗೆ ಕೊಟ್ಟಿದ್ದರು. ದೇವರು ಒಬ್ಬನೆಂಬುದೂ, ಕ್ರಿಸ್ತನು ದೇವರಿಂದ ಕಳುಹಿಸಲ್ಪಟ್ಟ ರಕ್ಷಕನೆಂಬುದೂ ಅವರಿಗೆ ಸಂಶಯವಿಲ್ಲದ ಮಾತು. ಅದರ ಮೇಲೆ ಕಟ್ಟಿದ ಸಿದ್ಧಾಂತಗಳಿಗೆ ಸತ್ಯವೇದದಿಂದಲೇ ಪ್ರಮಾಣ ಬೇಕು, ಸಭೆಯು ಹೇಳಿತೆಂಬುದೇ ಪ್ರಮಾಣವಾಗಲಾರದು ಎಂದು ಅವರು ಹಟಹಿಡಿದರು. ತಮ್ಮ ದೇಶದ ಪುರೋಹಿತವರ್ಗದ ನೊಗವನ್ನು ಬಹು ಪ್ರಯಾಸದಿಂದ ಈಗತಾನೆ ಕಳಚಿ ಬಂದವರು, ಅಂಥದೇ ಇನ್ನೊಂದು ನೊಗಕ್ಕೆ ಕೊರಳನ್ನು ಕೊಡಲು ಸಿದ್ಧರಿರಲಿಲ್ಲವೆಂಬ ಭಾವವು ಆ ಪತ್ರಗಳಲ್ಲಿ ತುಂಬಿದೆ.

ಸಿಸ್ಟರ್ ಜೆರಾಲ್ಡೀನರಿಗೆ ಆದ ವ್ಯಥೆಯನ್ನು ನಾವು ಹಗುರಾಗಿ ಕಾಣಬಾರದು. ಧರ್ಮಮಾತೆಯು ಒಂದು ಆತ್ಮಕ್ಕೆ ದೇವರ ಮುಂದೆ ಹೊಣೆಯಾಗಿ ನಿಂತವಳು. ತಾವು ನಿಂತು ದೀಕ್ಷೆ ಕೊಡಿಸಿದವಳು ಸಭೆಯ ಮೂಲಬೋಧನೆಯನ್ನೇ ಸಂಶಯಿಸುತ್ತಿರುವುದು ಅವರಿಗೆ ಪಾಷಂಡವಾಗಿಯೂ, ಅದಕ್ಕಿಂತ ಹೆಚ್ಚಾಗಿ ಗರ್ವವಾಗಿಯೂ ಕಂಡಿತು. ಮೊದಲು ವಿಧೇಯತೆ, ಆಮೇಲೆ ತಿಳಿವಳಿಕೆ ಎಂಬುದು ಅವರ ಕ್ರಮ. ತಿಳಿಯದೆ ವಿಧೇಯಳಾದರೆ ಅದು ಸುಳ್ಳಾಗುವುದೆಂಬುದು ರಮಾಬಾಯಿಯವರ ಮನಸ್ಸು. ಚಿಕ್ಕ ಮನೋರಮೆಗೆ ಯಾವ ಧರ್ಮಬೋಧನೆ ನಡೆಯಬೇಕೆಂಬುದರಲ್ಲಿಯೂ ಭಿನ್ನಾಭಿಪ್ರಾಯ ಬಂದಾಗ ಆ ನೋವು ಇಮ್ಮಡಿಯಾಯಿತು. ತಾಯಿಯ ಹಕ್ಕು ಹೆಚ್ಚೋ, ಧರ್ಮಮಾತೆಯ ಹೊಣೆ ಹೆಚ್ಚೋ? ನಮ್ಮ ನಿರ್ಣಯವನ್ನು ಕೇಳುವುದಾದರೆ ನಾವು ತಾಯಿಯ ಪಕ್ಷವೇ. ಆದರೂ ಜೆರಾಲ್ಡೀನರ ಪತ್ರಗಳಲ್ಲಿ ಗದರಿಕೆಯ ಕೆಳಗೆ ಅಳುಕೂ ಪ್ರೀತಿಯೂ ಇಲ್ಲವೆಂದು ಹೇಳಲಾರೆವು.

ಡೊರೊತಿಯಾ ಬೀಲರ ಮಾರ್ಗವು ಬೇರೆಯಾಗಿದ್ದಿತು. ಅವರೂ ದೃಢವಾದ ತ್ರಿಯೇಕವಿಶ್ವಾಸಿನಿಯೇ. ಆದರೆ ಕೆಲವು ವರ್ಷಗಳ ಹಿಂದೆ ತಾವೇ ಸಂಶಯದ ಕತ್ತಲೆಯನ್ನು ಹಾದುಬಂದಿದ್ದವರು. ಈ ವಿದುಷಿಯು ಕ್ರೈಸ್ತಧರ್ಮವನ್ನು ಚರಿತ್ರೆಯಲ್ಲಿ ನಡೆದ ಸಂಗತಿಯೆಂದು ಮಾತ್ರ ಸ್ವೀಕರಿಸಲಾರಳು, ಅದು ಆಕೆಯ ಬುದ್ಧಿಗೂ ಮನಸ್ಸಾಕ್ಷಿಗೂ ಒಪ್ಪಬೇಕು, ಅದಕ್ಕೆ ಕಾಲ ಬೇಕು ಎಂಬುದು ಅವರ ಅಭಿಪ್ರಾಯವಾಗಿದ್ದಿತು. ದೊಡ್ಡ ವಿದ್ಯಾಲಯದ ಭಾರವನ್ನು ಹೊತ್ತವರು ಬಿಡುವು ಮಾಡಿಕೊಂಡು ದೀರ್ಘವಾಗಿ ಉತ್ತರ ಬರೆದರು. ರಮಾಬಾಯಿಯವರು ಅವರೊಡನೆಯೂ ವಾದಿಸಿದರು. ಆದರೆ ಆ ಪತ್ರಗಳ ಧ್ವನಿಯೇ ಬೇರೆ. ಒಂದೇ ಸಿದ್ಧಾಂತವನ್ನು ನಂಬಿದ ಇಬ್ಬರು ಸ್ತ್ರೀಯರು, ಸಂಶಯಪಡುವ ಮೂರನೆಯವಳೊಡನೆ ನಡೆದುಕೊಂಡ ರೀತಿಯಲ್ಲಿರುವ ಈ ಅಂತರವನ್ನು ಮನೆಯಲ್ಲಿ ಪ್ರಾಯಕ್ಕೆ ಬಂದ ಹೆಣ್ಣುಮಕ್ಕಳಿರುವ ನಮ್ಮ ವಾಚಕರು ತಾವೇ ಅಳೆಯಬಲ್ಲರು. ಬೀಲರು ರಮಾಬಾಯಿಯವರನ್ನು ವಾದದಲ್ಲಿ ಗೆದ್ದರೆಂದು ನಾವು ಹೇಳುತ್ತಿಲ್ಲ. ೧೮೮೬ರ ಆರಂಭದಲ್ಲಿ ರಮಾಬಾಯಿಯವರು ಮಗಳನ್ನು ಕರೆದುಕೊಂಡು ಅಮೆರಿಕಕ್ಕೆ ಹಡಗು ಹತ್ತಿದಾಗ ಪ್ರಶ್ನೆಯು ತೀರದೆಯೇ ಉಳಿದಿದ್ದಿತು.

ಅಮೆರಿಕಕ್ಕೆ ಹೋದುದು ತಮ್ಮ ಬಂಧುವಾದ ಆನಂದಿಬಾಯಿ ಜೋಶಿಯವರು ಫಿಲಡೆಲ್ಫಿಯದಲ್ಲಿ ವೈದ್ಯಪದವಿಯನ್ನು ಹೊಂದುವ ಸಮಾರಂಭಕ್ಕಾಗಿ. ಉಳಿದುದು ಎರಡು ವರ್ಷಗಳಿಗಿಂತಲೂ ಹೆಚ್ಚು. ೧೮೮೭ರಲ್ಲಿ ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಅವರು ಬರೆದ ಪುಸ್ತಕವು ಆ ದೇಶವನ್ನೆಲ್ಲ ಎಚ್ಚರಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ವಿಧವಾಶಾಲೆಗೆ ಹತ್ತು ವರ್ಷ ಧನಸಹಾಯ ಮಾಡಲು ಬಾಸ್ಟನಿನಲ್ಲಿ ರಮಾಬಾಯಿ ಸಂಘವು ಸ್ಥಾಪಿತವಾಯಿತು. ಇಂಗ್ಲೆಂಡಿನಲ್ಲಿ ಒಂದು ಸಭೆಯ ಒಳಜಗಳದಲ್ಲಿ ಸಿಕ್ಕಿದ್ದವರು ಇಲ್ಲಿ ಕಂಡ ನೋಟವೇ ಬೇರೆ. ಸಂಘದ ಅಧ್ಯಕ್ಷರಾದ ಎಡ್ವರ್ಡ್ ಎವರೆಟ್ ಹೇಲರು ಏಕತ್ವವಾದಿ ಬೋಧಕರು. ಉಪಾಧ್ಯಕ್ಷರಲ್ಲಿ ಒಬ್ಬರಾದ ಫಿಲಿಪ್ಸ್ ಬ್ರೂಕ್ಸರು ತ್ರಿಯೇಕತ್ವವನ್ನು ಸಾರುವ ಎಪಿಸ್ಕೋಪಲ್ ಸಭೆಯ ಪ್ರಸಿದ್ಧ ಬೋಧಕರು. ಅವರು ಬೋಧಿಸುತ್ತಿದ್ದ ದೇವಾಲಯದ ಹೆಸರೇ ಟ್ರಿನಿಟಿ ದೇವಾಲಯ. ಭಾನುವಾರ ಬೇರೆ ಬೇರೆ ಕಡೆ ಆರಾಧಿಸುವ ಇವರು ಹಿಂದೂಸ್ಥಾನದ ವಿಧವೆಯರಿಗಾಗಿ ಒಂದೇ ಮೇಜಿನ ಸುತ್ತ ಕುಳಿತರು. ಸಭೆಗಳ ಈ ಗುಂಪು ತಮ್ಮನ್ನು ದಿಗ್ಭ್ರಮೆಗೊಳಿಸಿತೆಂದೂ ರಮಾಬಾಯಿಯವರು ಮುಂದೆ ತಮ್ಮ ಸಾಕ್ಷಿಯ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ. ರೋಮಿನವರು, ಬ್ಯಾಪ್ಟಿಸ್ಟರು, ಮೆಥೊಡಿಸ್ಟರು, ಕ್ವೇಕರರು, ಏಕತ್ವವಾದಿಗಳು ಮೊದಲಾದವರ ಹೆಸರುಗಳನ್ನೆಲ್ಲ ಅಲ್ಲಿ ಅವರು ಎಣಿಸಿಕೊಟ್ಟಿರುವುದನ್ನು ಓದಿದರೆ, ಅಂಗಡಿಬೀದಿಯಲ್ಲಿ ದಾರಿತಪ್ಪಿದ ಹಳ್ಳಿಯವಳ ಮುಖವು ನಮ್ಮ ಕಣ್ಣ ಮುಂದೆ ಬರುತ್ತದೆ.

ಸ್ವದೇಶಕ್ಕೆ ಮರಳಿ ೧೮೮೯ರ ಮಾರ್ಚ್ ೧೧ರಂದು ಮುಂಬಯಿಯಲ್ಲಿ ಶಾರದಾಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಹೋಯಿತು. ಆ ಸದನದ ವಿದ್ಯಾರ್ಥಿನಿಯಾದ ಗೋದೂಬಾಯಿಯು ಮುಂದೆ ಮಹರ್ಷಿ ಕರ್ವೆಯವರ ಧರ್ಮಪತ್ನಿಯಾದುದನ್ನು ಅನೇಕರು ಬಲ್ಲರು. ೧೮೯೧ರ ಸುಮಾರಿಗೆ, ವಿಲಿಯಂ ಹ್ಯಾಸ್ಲಮ್ ಎಂಬ ಆಂಗ್ಲ ಬೋಧಕನ ಆತ್ಮಚರಿತ್ರೆಯನ್ನು ಓದುತ್ತಿದ್ದಾಗ, ತಾವು ಇದುವರೆಗೆ ಕಂಡುಕೊಂಡದ್ದು ಕ್ರೈಸ್ತಮತವನ್ನು ಮಾತ್ರ, ಕ್ರಿಸ್ತನನ್ನಲ್ಲ ಎಂಬ ಅರಿವು ರಮಾಬಾಯಿಯವರಿಗೆ ಉಂಟಾಯಿತು. ಪತ್ರಗಳ ವಾದದಲ್ಲಿ ಬಗೆಹರಿಯದೆ ಉಳಿದುದು ಇಲ್ಲಿ ವಾದವಿಲ್ಲದೆ ಬಗೆಹರಿಯಿತೆಂದು ನಮ್ಮ ಎಣಿಕೆ. ಅಂದಿನಿಂದ ಅವರು ಮಗನನ್ನು ದೇವರೆಂದು ಪ್ರಾರ್ಥಿಸಿದರು. ಅಥನಾಸಿಯಸನ ಹೆಸರಿನ ಪ್ರಮಾಣಕ್ಕೆ ತಲೆಬಾಗಿದುದರಿಂದ ಇದು ಆದದ್ದಲ್ಲ. ಯಾವ ಒಂದು ಸಭೆಯ ಅಧಿಕಾರಕ್ಕೂ ಅವರು ಕಡೆಯವರೆಗೆ ತಮ್ಮನ್ನು ಒಪ್ಪಿಸಿಕೊಡಲಿಲ್ಲ. ಅವರ ಪ್ರಾರ್ಥನೆಗೆ ಸದನದ ಕೆಲವು ಬಾಲೆಯರು ಬಂದು ಕುಳಿತುಕೊಳ್ಳಲು ೧೮೯೩ರಲ್ಲಿ ಪುಣೆಯಲ್ಲಿ ದೊಡ್ಡ ಗದ್ದಲವಾಯಿತು. ರಾನಡೆ, ಭಂಡಾರ್ಕರ್ ಮೊದಲಾದ ಸಲಹೆಗಾರರು ಸಂಬಂಧವನ್ನು ಬಿಟ್ಟರು. ತಂ‌ದೆತಾಯಿಗಳು ಹಲವು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಮತಬೋಧನೆ ಇಲ್ಲದ ಶಾಲೆಯೆಂಬ ಮಾತಿನ ಮೇಲೆ ಮಕ್ಕಳನ್ನು ಕಳುಹಿಸಿದ್ದ ಆ ತಂದೆತಾಯಿಗಳ ಕೋಪಕ್ಕೂ ಆಧಾರವಿದ್ದಿತು. ಮಿಷನ್ ಶಾಲೆಯವರಾದ ನಾವು ಇದನ್ನು ಹೇಳದೆ ಹೋದರೆ ನ್ಯಾಯವಾಗದು.

ಪುಣೆಯಿಂದ ಸುಮಾರು ಮೂವತ್ತೈದು ಮೈಲಿ ದೂರದ ಕೇಡಗಾಂವಿನಲ್ಲಿ ನೆಲವನ್ನು ಕೊಂಡು, ೧೮೯೬-೯೭ರ ಕ್ಷಾಮದಲ್ಲಿ ಮಧ್ಯಪ್ರಾಂತದಿಂದಲೂ, ೧೯೦೦ರ ಕ್ಷಾಮದಲ್ಲಿ ಗುಜರಾತಿನಿಂದಲೂ ಸ್ತ್ರೀಯರನ್ನೂ ಬಾಲೆಯರನ್ನೂ ತಂದು ಉಳಿಸಿದ ಕಥೆಯು ಎಲ್ಲರಿಗೂ ಗೊತ್ತಿದೆ. ಒಂದು ಕಾಲಕ್ಕೆ ಅಲ್ಲಿ ಸುಮಾರು ೨೦೦೦ ಜನರಿದ್ದರು. ೧೯೦೫ರಲ್ಲಿ ಮುಕ್ತಿಸದನದಲ್ಲಿ ಪವಿತ್ರಾತ್ಮನ ವರಕ್ಕಾಗಿ ನಡೆದ ಪ್ರಾರ್ಥನೆಗಳಿಂದ ಒಂದು ಮಹಾ ಉಜ್ಜೀವನವು ಉಂಟಾಗಿ ಅದರ ಸುದ್ದಿಯು ಖಂಡಾಂತರಗಳಿಗೆ ಹಬ್ಬಿತು. ಬಾಲೆಯರು ಗಟ್ಟಿಯಾಗಿ ಅತ್ತರು, ಹಾಡಿದರು, ಒಟ್ಟಾಗಿ ಧ್ವನಿಯೆತ್ತಿ ಪ್ರಾರ್ಥಿಸಿದರು. ಇದನ್ನು ಮೆಚ್ಚದ ಮಿಷನರಿಗಳೂ ಇದ್ದರು. ಯೌವನದಲ್ಲಿ ತಂದೆ, ಮಗ, ಆತ್ಮ ಎಂಬ ಮೂರು ಹೆಸರುಗಳ ತರ್ಕದಲ್ಲಿ ತೊಳಲಿದವರು, ಐವತ್ತು ಸಮೀಪಿಸಿದ ವಯಸ್ಸಿನಲ್ಲಿ ಮೂರನೆಯ ಹೆಸರನ್ನು ಈ ರೀತಿ ಸಂಧಿಸಿದರು.

ಅವರ ಕೊನೆಯ ಶ್ರಮವು ಸತ್ಯವೇದದ ಭಾಷಾಂತರ. ಸಂಸ್ಕೃತಮಯವಾದ ಹಳೆಯ ಮರಾಠಿ ಭಾಷಾಂತರವು ಕೂಲಿಕಾರ ಹೆಂಗಸರಿಗೆ ತಿಳಿಯದೆಂದು ಕಂಡು, ಇಬ್ರಿಯ ಗ್ರೀಕ್ ಭಾಷೆಗಳನ್ನು ಕಲಿತು, ಮೂಲದಿಂದಲೇ ಸರಳ ಮರಾಠಿಗೆ ತಂದರು. ಅಚ್ಚಿನ ಮೊಳೆಗಳನ್ನು ಜೋಡಿಸಿದವರೂ ಮುಕ್ತಿಸದನದ ಹೆಂಗಸರೇ. ಸಂಸ್ಕೃತದಲ್ಲಿ ಸರಸ್ವತಿಯೆಂಬ ಬಿರುದನ್ನು ಪಡೆದವರು, ಹಳೆಯ ದರ್ಶನಗಳ ವಾಸನೆಯಿರುವ ಶಬ್ದಗಳನ್ನು ಒಂದೊಂದಾಗಿ ಆರಿಸಿ ಬಿಟ್ಟು, ತಂದೆಗೆ ತಂದೆಯೆಂದೂ ಮಗನಿಗೆ ಮಗನೆಂದೂ ಹಳ್ಳಿಯವಳಿಗೆ ತಿಳಿಯುವ ಶಬ್ದವನ್ನು ಹುಡುಕುತ್ತ ವರ್ಷಾನುವರ್ಷ ಕುಳಿತರು. ಈ ಅವಧಿಯಲ್ಲಿಯೇ ನಮ್ಮ ಕಲಬುರ್ಗಿಯಲ್ಲಿ ಅವರ ಕಡೆಯಿಂದ ಒಂದು ಶಾಲೆಯು ಸ್ಥಾಪಿತವಾಯಿತು; ಮನೋರಮಾಬಾಯಿಯವರು ಅದರ ಭಾರವನ್ನು ಹೊತ್ತರು. ಆದರೆ ೧೯೨೧ರಲ್ಲಿ ಮಗಳು ತಾಯಿಗಿಂತ ಮೊದಲೇ ತೀರಿಕೊಂಡರು. ಭಾಷಾಂತರದ ಕೊನೆಯ ಕರಡುಗಳನ್ನು ತಿದ್ದಿದ ಬಳಿಕ ೧೯೨೨ನೆಯ ಇಸವಿ ಏಪ್ರಿಲ್ ೫ರಂದು ರಮಾಬಾಯಿಯವರು ಕರ್ತನಲ್ಲಿ ನಿದ್ರೆಹೋದರು. ಗ್ರಂಥವು ಪೂರ್ಣವಾಗಿ ೧೯೨೪ರಲ್ಲಿ ಪ್ರಕಟವಾಯಿತು.

ಇಷ್ಟು ಸಂಗತಿಗಳು ನಮಗೆ ತಿಳಿದುದು ಹೇಗೆಂದು ಕೆಲವರು ಕೇಳಬಹುದು. ಬೈಗುಳವನ್ನೂ ಬೇಡಿಕೆಯನ್ನೂ ಹೊತ್ತು ವಾಂಟೇಜ್ ಚೆಲ್ಟನ್‌ಹ್ಯಾಮುಗಳ ನಡುವೆ ಓಡಾಡಿದ ಆ ಪತ್ರಗಳನ್ನು ಸುಟ್ಟುಹಾಕದೆ, ತಮಗೆ ವಿರೋಧವಾದವುಗಳನ್ನೂ ತೆಗೆಯದೆ, ಕೂಡಿಸಿ ಟಿಪ್ಪಣಿ ಬರೆದು ಇಟ್ಟವರು ಸಿಸ್ಟರ್ ಜೆರಾಲ್ಡೀನರೇ. ಎ. ಬಿ. ಶಾ ಅವರ ಸಂಪಾದಕತ್ವದಲ್ಲಿ ೧೯೭೭ರಲ್ಲಿ ಮುಂಬಯಿಯಲ್ಲಿ ಅವು ಅಚ್ಚಾದವು. ಧರ್ಮಮಾತೆಯ ಪತ್ರವೂ ಧರ್ಮಪುತ್ರಿಯ ಉತ್ತರವೂ ಆ ಪುಸ್ತಕದಲ್ಲಿ ಒಂದರ ಬೆನ್ನಿಗೆ ಒಂದು ಇವೆ.